ಹೊಗಳಿಕೆಯ ಶಿಕ್ಕಾ

ಡಿಸೆಂಬರ್ ೧೭, ಬುಧವಾರ

ಮಾತಾಡಬಾರದಂತೆ. ಪಿಸುಗುಟ್ಟಲೂಬಾರದಂತೆ. ಕೆಮ್ಮು ಬಂದರೆ ಮೆಲ್ಲಗೆ ಕೆಮ್ಮಬೇಕಂತೆ. ಇಷ್ಟು ವರ್ಷ ಹಳಿಯಾಳದ ಮೈದಾನದಲ್ಲಿ ಸೀಟಿ ಊದುತ್ತ, ಖೋ ಖೋ ಹುಡುಗಿಯರಿಗೆ ಒದರುತ್ತ ಬಂದ ಪಿ.ಟಿ. ಟೀಚರಿಗೆ ಹೇಳುವ ಮಾತೇ ಇದು?

ಧಾರವಾಡದ ಡಾಕ್ಟರು ನಿನ್ನೆ ಗಂಟಲೊಳಗೆ ನಳಿಕೆ ಇಳಿಸಿ ಗಂಟು ತೆಗೆದರು. ತೆಗೆದ ತುಣುಕು ಪರೀಕ್ಷೆಗೆ ಹೋಗಿದೆ. ‘ಏನು ಎತ್ತ ಅಂತ ರಿಪೋರ್ಟ್ ಬಂದ ಮೇಲೆ ನೋಡೋಣ’ ಎಂದರು. ಏನು ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಕ್ಯಾನ್ಸರ್ ಎಂಬ ಶಬ್ದವನ್ನು ಅಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ನಾನು ಇಲ್ಲಿ ಬರೆಯುತ್ತೇನೆ, ಬರೆಯುವುದಕ್ಕೆ ಯಾರಪ್ಪನ ಅಡ್ಡಿ?

ಫೋನಿನಲ್ಲಿ ನಾನು ಮಾತಾಡುವಂತಿಲ್ಲವಲ್ಲ, ಆಸ್ಪತ್ರೆಗೆ ವೈನಿಯ ನಂಬರು ಕೊಟ್ಟು ಬಂದಿದ್ದೇವೆ. ಅಣ್ಣ ಹೋದ ಮೇಲೆ ಈ ಮನೆಯಲ್ಲಿ ಉಳಿದವರು ನಾವಿಬ್ಬರೇ, ನಾನು ಮತ್ತು ಅಣ್ಣನ ಹೆಂಡತಿ ವೈನಿ. ವೈನಿ ಫೋನೆತ್ತಿದರೆ ಹ್ಞೂ, ಹ್ಞಾ, ಆತು, ಇಷ್ಟೇ. ನಾನಿರುವಾಗ ಆಕೆಗೆ ಅದಕ್ಕಿಂತ ಹೆಚ್ಚು ಮಾತು ಯಾಕಾದರೂ ಬೇಕಿತ್ತು? ಇನ್ನು ಎಲ್ಲ ಆಕೆಯ ಕೈಲಿ. ಶಿವನೇ ಕಾಪಾಡಬೇಕು.

ಡಿಸೆಂಬರ್ ೧೮, ಗುರುವಾರ

ಮಕ್ಕಳ ಸ್ಲೇಟು, ಬಳಪ ತರಿಸಿಕೊಂಡಿದ್ದೇನೆ. ಬೆಳಿಗ್ಗೆ ತರಕಾರಿಯವನು ಬಾಡಿದ ಬದನೆಕಾಯಿ ಹಾಕಿ ಹೋದ. ನಾನು ‘ಬಾಡಿದ್ದು ಬ್ಯಾಡ’ ಎಂದು ಬರೆದು ಎತ್ತಿ ಹಿಡಿಯುವಷ್ಟರಲ್ಲಿ ಆತ ಓಣಿ ದಾಟಿದ್ದ. ಚಪ್ಪಾಳೆ ಹೊಡೆದೆ, ನೆಲಕ್ಕೆ ಕಾಲು ಬಡಿದೆ. ಎದುರು ಮನೆಯ ನಾಯಿ ಎದ್ದು ಬಂತೇ ಹೊರತು ಆತ ತಿರುಗಲಿಲ್ಲ. ವೈನಿ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಿದ್ದು ನನಗೆ ಗೊತ್ತಾಗಲಿಲ್ಲವೆಂದು ಅಂದುಕೊಂಡಿದ್ದಾಳೆ.

ಡಿಸೆಂಬರ್ ೨೦, ಶನಿವಾರ

ಸಾಗರ ಮತ್ತು ರೀನಾ ಬಂದಿದ್ದರು. ಸಾಗರ ನನ್ನ ಹಳೆಯ ವಿದ್ಯಾರ್ಥಿ, ಈಗ ದಾಂಡೇಲಿಯಲ್ಲಿ ಪ್ರವಾಸಿಗರನ್ನು ಕಾಳಿ ನದಿಯಲ್ಲಿ ರಬ್ಬರ್ ದೋಣಿ ಹತ್ತಿಸುತ್ತಾನೆ. ರೀನಾ ಮುಂಡಗೋಡ ಕಡೆಯ ತಾಂಡಾದ ಹುಡುಗಿ, ಹಳ್ಳಿಯ ಅಂಚೆ ಹಂಚುತ್ತಾಳೆ. ನಮ್ಮನ್ನು ಒಟ್ಟು ಹಾಕಿದ್ದು ಡಬ್ಬಿ ಆಟ.

ಎಲ್ಲಿಂದಲೋ ಬಂದ ಪ್ರವಾಸಿಯೊಬ್ಬ ಈ ಆಟವನ್ನು ಸಾಗರನ ತಲೆಗೆ ಹಾಕಿ ಹೋದ. ರಬ್ಬರಿನಲ್ಲಿ ಕೈಯಾರೆ ಒಂದು ಶಿಕ್ಕಾ, ಅಂದರೆ ಮುದ್ರೆ, ಕೆತ್ತಬೇಕು. ಅದನ್ನು ಶಾಯಿಪ್ಯಾಡು, ಸಣ್ಣ ಪುಸ್ತಕದ ಜೊತೆ ಡಬ್ಬಿಯೊಳಗಿಟ್ಟು ಎಲ್ಲಾದರೂ ಬಚ್ಚಿಡಬೇಕು. ದಾರಿಯನ್ನು ಒಗಟಿನಂತೆ ಬರೆದು ಕಳಿಸಬೇಕು. ಹುಡುಕಿದವರು ಆ ಶಿಕ್ಕಾವನ್ನು ತಮ್ಮ ಪುಸ್ತಕದಲ್ಲಿ ಒತ್ತಿಕೊಂಡು, ತಮ್ಮದನ್ನು ಡಬ್ಬಿಯ ಪುಸ್ತಕದಲ್ಲಿ ಒತ್ತಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಇಷ್ಟೇ ಆಟ. ಮೊದಲ ಸಲ ಕೇಳಿದಾಗ ‘ಮಾಡಾಕ ಬ್ಯಾರೆ ಕೆಲಸ ಇಲ್ಲೇನಲೇ ನಿಮಗ?’ ಎಂದು ಬೈದವಳು ನಾನೇ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಯಾರಿಗಾದರೂ ಕಷ್ಟ ಬಂದರೆ ಉಳಿದವರು ಅವರ ಮೇಲೆ ಶಿಕ್ಕಾ ಕೆತ್ತಬೇಕು. ಆದರೆ ಅದು ಚಾಷ್ಟಿ ಶಿಕ್ಕಾ ಆಗಿರಬೇಕು, ಕಾಲೆಳೆಯಬೇಕು. ಬದುಕಿರುವವರನ್ನು ಶಿಕ್ಕಾದಲ್ಲಿ ಹೊಗಳಬಾರದು, ಹೊಗಳಿಕೆ ಸತ್ತವರಿಗೆ ಮಾತ್ರ. ಈ ಕಾಯಿದೆ ಮಾಡಿದವರು ನಮ್ಮ ಗುಂಪಿನ ಹಿರಿಯ ಕರಿಬಸಪ್ಪನವರು. ಹೋದ ವರ್ಷ ಅವರು ತೀರಿಕೊಂಡಾಗ ನಾವು ಮೊದಲ ಸಲ ಹೊಗಳಿಕೆಯ ಶಿಕ್ಕಾ ಕೆತ್ತಿದೆವು.

‘ನಿಮ್ಮ ಮ್ಯಾಲೆ ಕೆತ್ತೇವ್ರಿ ಅಕ್ಕೋರ,’ ಎಂದ ಸಾಗರ. ‘ಸಿಟ್ಟ ಬಂದ್ರ ಬೈಯಾಕೂ ಬರಂಗಿಲ್ಲ ಈಗ ನಿಮಗ. ಇಂಥಾ ಛಾನ್ಸು ಮತ್ತ ಸಿಗತೈತೇನ್ರಿ?’

‘ಬಾಯಿ ಬರ್ಲಿ, ಐತಿ ನಿನಗ’ ಎಂದು ಸ್ಲೇಟಿನಲ್ಲಿ ಬರೆದೆ.

ಡಿಸೆಂಬರ್ ೨೧, ಭಾನುವಾರ

ಮುಂಡಗೋಡಕ್ಕೆ ಹೋಗಿದ್ದೆವು. ರೀನಾಳ ತಾಂಡಾದ ಹೊರಗೆ ಹಳೆಯ ಹುಣಸೆಮರ, ಅದರ ಪೊಟರೆಯಲ್ಲಿ ಡಬ್ಬಿ. ತೆರೆದು ಶಿಕ್ಕಾ ಒತ್ತಿದರೆ, ಸೀಟಿಗೆ ಎರಡು ಕಾಲು ಬಂದು ಚಪ್ಪಲಿ ಮೆಟ್ಟಿ ಓಡುತ್ತಿದೆ. ಹಿಂದಿನಿಂದ ಸೀರೆಯ ನಿರಿಗೆ ಎತ್ತಿ ಕಟ್ಟಿದ ಹೆಂಗಸೊಬ್ಬಳು ಅದನ್ನು ಹಿಡಿಯಲು ಓಡುತ್ತಿದ್ದಾಳೆ. ಆಕೆಯ ಹೊಟ್ಟೆಯನ್ನು ಅಷ್ಟು ದೊಡ್ಡದು ಮಾಡುವ ಅಗತ್ಯವಿರಲಿಲ್ಲ.

ರೀನಾಳ ಬೆನ್ನಿಗೆ ಒಂದು ಗುದ್ದಿದೆ. ತಾಂಡಾದ ಮುದುಕಿ ಧರ್ಮಿಬಾಯಿ ಚಹಾ ಕೊಟ್ಟು, ‘ಪಾಪ, ಹುಟ್ಟಾ ಮೂಗಿ ಏನು?’ ಎಂದು ರೀನಾಳನ್ನು ಕೇಳಿದಳು. ರೀನಾ ಬಿದ್ದು ಬಿದ್ದು ನಕ್ಕಳು. ನನ್ನನ್ನು ಮೂಗಿ ಎಂದವರು ಈ ಭೂಮಿಯ ಮೇಲೆ ಈ ಮುದುಕಿಯೊಬ್ಬಳೇ ಇರಬೇಕು.

ಮನೆಗೆ ಬಂದು ವೈನಿಗೆ ತೋರಿಸಿದೆ. ಪುಸ್ತಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ‘ಇದನ್ನ ಹೆಂಗ ಕೆತ್ತತಾರ?’ ಎಂದು ಕೇಳಿದಳು. ಸ್ಲೇಟಿನಲ್ಲಿ ಬರೆದು ತಿಳಿಸುವಷ್ಟು ತಾಳ್ಮೆ ಯಾರಿಗಿದೆ? ರಬ್ಬರು, ಚಾಕು ತೋರಿಸಿ ಸುಮ್ಮನಾದೆ.

ಡಿಸೆಂಬರ್ ೨೩, ಮಂಗಳವಾರ

ಆಸ್ಪತ್ರೆಯ ಫೋನು. ವೈನಿ ಹಿತ್ತಲಿಗೆ ಹೋಗಿ ಮಾತಾಡಿದಳು. ನಾನು ಹಿಂದೆಯೇ ಓಡಿದೆ.

‘ಇನ್ನೊಂದ ಸಲ ಪರೀಕ್ಷಾ ಮಾಡಾಕ ಕಳಿಸ್ಯಾರಂತ. ಐದನೇ ತಾರೀಖಿಗೆ ಬರ್ರಿ ಅಂದ್ರು. ಅಲ್ಲೀಮಟಾ ಬಾಯಿ ತಗೀಬಾರದಂತ.’

ಒಂದು ಸಲ ನೋಡಿದ್ದು ಸಾಲದೇ? ಇನ್ನೊಂದು ಸಲ ಯಾಕೆ ನೋಡುತ್ತಾರೆ? ಮತ್ತೇನಂದರು ಎಂದು ಬರೆದು ಕೇಳಿದೆ. ‘ಅಷ್ಟ’ ಎಂದಳು. ಅಷ್ಟೇ ಹೇಳಲು ಇಷ್ಟು ಹೊತ್ತು ಬೇಕೇ?

ಇದರ ನಡುವೆ ನನ್ನ ಕೆತ್ತುವ ಚಾಕು ಕಾಣೆಯಾಗಿ, ಅಡಿಗೆಮನೆಯಲ್ಲಿ ಚಮಚಗಳ ನಡುವೆ ಸಿಕ್ಕಿತು. ಬೆಳ್ಳುಳ್ಳಿ ಸುಲಿಯಲು ತಗೊಂಡಿರಬೇಕು. ಸ್ಲೇಟಿನ ತುಂಬ ಬೈದು ಬರೆದೆ. ವೈನಿ ಓದಿ, ಒರೆಸಿ, ಸ್ಲೇಟನ್ನು ನನ್ನ ಕೈಗೇ ಕೊಟ್ಟು ಒಲೆ ಮುಂದೆ ಹೋದಳು. ಒರೆಸಿಬಿಡುವಂಥ ಬೈಗುಳದಿಂದ ಏನು ಸುಖ?

ಡಿಸೆಂಬರ್ ೨೫, ಗುರುವಾರ

ದಾಂಡೇಲಿ. ಹೊಳೆದಂಡೆಯ ಕಲ್ಲುಗಳ ಸಂದಿಯಲ್ಲಿ ಸಾಗರನ ಡಬ್ಬಿ. ಶಿಕ್ಕಾದಲ್ಲಿ ನಾನು ಬಾಯಿ ತೆರೆದು ನಿಂತಿದ್ದೇನೆ, ಮುಖದಲ್ಲಿ ಬಾಯಿ ಬಿಟ್ಟರೆ ಬೇರೇನೂ ಇಲ್ಲ. ಎದುರಿನ ಮರದಲ್ಲಿ ಮೂರು ಮಂಗಟ್ಟೆ ಹಕ್ಕಿಗಳು ರೆಕ್ಕೆಗಳಿಂದ ಕಿವಿ ಮುಚ್ಚಿಕೊಂಡಿವೆ. ಒಂದರ ಕೊಕ್ಕಿನಲ್ಲಿ ಕಿವಿಗಿಡುವ ಹತ್ತಿಯುಂಡೆ ಬೇರೆ.

ನಗಬಾರದೆಂದು ಡಾಕ್ಟರು ಹೇಳಿರಲಿಲ್ಲ. ಆದರೂ ಗಂಟಲು ಉರಿಯಿತು. ದನಿಯಿಲ್ಲದೆ ನಗುವುದು ಹೇಗೆಂದು ಇವತ್ತು ತಿಳಿಯಿತು, ಭುಜ ಕುಣಿಸಿ ಕಣ್ಣೀರು ಒರೆಸಿಕೊಂಡರಾಯಿತು. ಗಳಿಗೆ ಹೊತ್ತು ಐದನೇ ತಾರೀಖು ಮರೆತೇಹೋಗಿತ್ತು.

ಡಿಸೆಂಬರ್ ೨೬, ಶುಕ್ರವಾರ

ಸಾಗರ ಬಂದಿದ್ದ. ‘ಇನ್ನೊಂದ ಡಬ್ಬಿ ಐತ್ರಿ, ಅಣಶಿಯಾಗ. ಭಾನುವಾರ ಹೋಗೂಣು,’ ಎಂದ. ಸ್ನಾನ ಮುಗಿಸಿ ಬರುವಾಗ ನೋಡಿದರೆ, ಅವನೂ ವೈನಿಯೂ ಅಡಿಗೆಮನೆಯ ಬಾಗಿಲಲ್ಲಿ ಗುಸುಗುಸು ಮಾತಾಡುತ್ತಿದ್ದಾರೆ. ನನ್ನನ್ನು ಕಂಡದ್ದೇ ಇಬ್ಬರೂ ಗಪ್ಪಾದರು. ವೈನಿಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ‘ಈಳಗಿ ತಾಗೇತಿ’ ಎಂದಳು. ಇತ್ತೀಚೆಗೆ ಆಕೆಯ ಲಕ್ಷ್ಯ ಕೆಲಸದ ಮೇಲಿಲ್ಲ. ಯಾವುದರ ಮೇಲಿದೆಯೋ.

ಡಿಸೆಂಬರ್ ೨೮, ಭಾನುವಾರ

ಬರೆಯದೆ ನಿದ್ದೆ ಬರುವಂತಿಲ್ಲ.

ಸಾಗರನ ಜೀಪಿನಲ್ಲಿ ಜೋಯಿಡಾ ದಾಟಿ ಅಣಶಿಗೆ ಹೋದೆವು. ಮೊಣಕಾಲು ನೋವೆಂದು ವೈನಿ ಬರಲಿಲ್ಲ. ಕಾಡಿನೊಳಗೆ ಡಬ್ಬಿ ಇಡುವಂತಿಲ್ಲ, ಅದಕ್ಕೇ ಊರೊಳಗೆ ಬಸ್ಸು ಕಾಯುವ ಕಟ್ಟೆಯ ಹಿಂದಿನ ಕಲ್ಲುಗೋಡೆಯಲ್ಲಿ ಇಟ್ಟಿದ್ದರು. ಒಗಟೂ ಇರಲಿಲ್ಲ, ಸಾಗರ ಸೀದಾ ಕೈ ಮಾಡಿ ತೋರಿಸಿದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಡಬ್ಬಿ ಹುಡುಕಿಸದೆ ಕೊಡುವ ಹುಡುಗನಲ್ಲ ಅವನು.

ಒತ್ತಿದೆ. ಒಬ್ಬ ಹೆಂಗಸು ನೆಟ್ಟಗೆ ನಿಂತಿದ್ದಾಳೆ, ಕೊರಳಲ್ಲಿ ಸೀಟಿ. ಪಕ್ಕದಲ್ಲಿ ಸಣ್ಣ ಹೆಂಗಸೊಬ್ಬಳು ಆಕೆಯ ಸೆರಗು ಹಿಡಿದಿದ್ದಾಳೆ. ಕೆಳಗೊಂದು ಬಳ್ಳಿಯ ಅಂಚು. ದೊಡ್ಡ ಹೆಂಗಸಿನ ತಲೆಯ ಸುತ್ತ ದೇವರ ಫೋಟೊದಲ್ಲಿರುವಂಥ ಪ್ರಭಾವಳಿ. ಕೀಟಲೆ ಎಲ್ಲಿ ಎಂದು ಹುಡುಕಿದೆ. ಮೂಗು ಸರಿಯಾಗಿತ್ತು, ಹೊಟ್ಟೆ ಸರಿಯಾಗಿತ್ತು. ಪುಸ್ತಕ ತಿರುಗಿಸಿ ನೋಡಿದೆ. ಕೀಟಲೆ ಇರಲೇ ಇಲ್ಲ, ಬರೀ ಹೊಗಳಿಕೆ.

ರೀನಾ ಬಗ್ಗಿ ನೋಡಿದಳು. ಮುಖದ ನಗು ಇಳಿದುಹೋಯಿತು. ‘ಯಾರ ಕೆತ್ತ್ಯಾರಿದನ್ನ?’ ಎಂದು ಸಾಗರನನ್ನು ಕೇಳಿದಳು.

‘ನನಗೇನ ಗೊತ್ತ?’ ಎಂದ ಸಾಗರ. ಮಾತು ಆಕೆಗೆ, ಕಣ್ಣು ರಸ್ತೆಗೆ.

ಶಾಲೆಯಲ್ಲಿ ಸುಳ್ಳು ಹೇಳುವಾಗಲೂ ಅವನು ಹೀಗೇ ನಿಲ್ಲುತ್ತಿದ್ದ. ರಿಪೋರ್ಟು ಬಂದಿದೆ. ಇವರಿಗೆ ಗೊತ್ತಾಗಿದೆ. ಹೇಳಲು ಬಾಯಿ ಬರದೆ ಹೀಗೆ ಹೇಳಿದ್ದಾರೆ.

ಡಿಸೆಂಬರ್ ೨೯, ಸೋಮವಾರ

ನನಗೆ ಸಾಯಲು ಇಷ್ಟವಿಲ್ಲ. ಬರೆದುಬಿಟ್ಟೆ.

ಡಿಸೆಂಬರ್ ೩೦, ಮಂಗಳವಾರ

ಬೆಳಿಗ್ಗೆ ಬಿಸಿಲಿಗೆ ಕೂತು ಪುಸ್ತಕ ತೆರೆದೆ. ಆ ಬಳ್ಳಿಯ ಅಂಚು ಕಣ್ಣಿಗೆ ಚುಚ್ಚುತ್ತಿತ್ತು. ಬಳ್ಳಿಯಾದರೆ ಒಂದೇ ಸಮ ಹೋಗಬೇಕು, ಇದು ಅಲ್ಲಲ್ಲಿ ತುಂಡಾಗಿದೆ. ಅರ್ಧ ಚಹಾ ಕುಡಿದ ಮೇಲೆ ಹೊಳೆಯಿತು. ಅದು ಬಳ್ಳಿಯಲ್ಲ, ಅಕ್ಷರ. ಉಲ್ಟಾ ಬಿದ್ದ ಅಕ್ಷರ.

ಶಿಕ್ಕಾ ಕೆತ್ತುವವರು ರಬ್ಬರಿನ ಮೇಲೆ ಅಕ್ಷರವನ್ನು ತಿರುಗುಮುರುಗು ಕೆತ್ತಬೇಕು, ಆಗ ಕಾಗದದ ಮೇಲೆ ನೇರ ಬೀಳುತ್ತದೆ. ಕೆತ್ತಿ ಗೊತ್ತಿಲ್ಲದವರು ನೇರ ಕೆತ್ತಿಬಿಡುತ್ತಾರೆ. ಸಾಗರ, ರೀನಾ ಈ ತಪ್ಪು ಮಾಡುವುದಿಲ್ಲ. ಒಳಗೆ ಹೋಗಿ ಪುಸ್ತಕವನ್ನು ಕನ್ನಡಿಗೆ ಹಿಡಿದೆ. ‘ನಮ್ಮ ಮನಿ ದನಿ’ ಎಂದಿತ್ತು.

ನಮ್ಮ ಮನೆಯಲ್ಲಿರುವವರು ಇಬ್ಬರು. ನಾನು ಕೆತ್ತಿಲ್ಲ.

ಬೆಳ್ಳುಳ್ಳಿಯೂ ಸುಳ್ಳು, ಈಳಿಗೆಯೂ ಸುಳ್ಳು. ಮಾಡಿದ್ದು ವೈನಿ. ಆಸ್ಪತ್ರೆಯ ಫೋನು ಎತ್ತಿದ್ದೂ ವೈನಿ. ಹಿತ್ತಲಿಗೆ ಹೋಗಿ ಮಾತಾಡಿದ್ದೂ ಆಕೆಯೇ. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಬೆಣ್ಣೆ ಇಟ್ಟಳು. ಆಕೆಯ ಮುಖ ನೋಡಲು ಧೈರ್ಯವಾಗಲಿಲ್ಲ. ಕೇಳಲೂ ಆಗಲಿಲ್ಲ. ಇಡೀ ತಾಲ್ಲೂಕಿನ ಕ್ರೀಡಾಕೂಟದಲ್ಲಿ ಅಂಪೈರನ ಜೊತೆ ಜಗಳಕ್ಕೆ ನಿಲ್ಲುವವಳು, ಒಂದು ರೊಟ್ಟಿಯ ಮುಂದೆ ಹೆದರಿ ಕೂತೆ.

ಡಿಸೆಂಬರ್ ೩೧, ಬುಧವಾರ

ಕೇಳಿದೆ.

ವೈನಿ ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಸ್ಲೇಟಿನಲ್ಲಿ ‘ಡಾಕ್ಟರ್ ಏನಂದ್ರು? ಖರೇ ಹೇಳು’ ಎಂದು ಬರೆದು ಆಕೆಯ ಮೊರದ ಮೇಲೇ ಇಟ್ಟೆ.

‘ಹೇಳೇನಲ್ಲ, ಐದನೇ ತಾರೀಖಿಗೆ ಬರ್ರಿ ಅಂದ್ರು.’

‘ಸುಳ್ಳು. ಹಂಗಾರ ನನ್ನ ಯಾಕ ಹೊಗಳಿದಿ?’

ವೈನಿಗೆ ತಿಳಿಯಲಿಲ್ಲ. ಪುಸ್ತಕ ತಂದು ತೋರಿಸಿದೆ. ನಮ್ಮ ಕಾಯಿದೆ ಬರೆದೆ, ಬದುಕಿದ್ದವರಿಗೆ ಚಾಷ್ಟಿ, ಸತ್ತವರಿಗೆ ಹೊಗಳಿಕೆ. ಬಳಪ ಎರಡು ತುಂಡಾಯಿತು. ವೈನಿ ಅಕ್ಷರ ಕೂಡಿಸಿ ಓದಿದಳು. ಓದಿದವಳೇ ಅಕ್ಕಿಯ ಕೈಯಿಂದ ಹಣೆ ಹಣೆ ಬಡಿದುಕೊಂಡಳು.

‘ಅಯ್ಯ ಶಿವನ! ಸತ್ತವರಿಗಷ್ಟ ಅಂತ ನನಗೇನ ಗೊತ್ತಬೇ? ನೀ ಎಂದರ ಹೇಳಿದ್ದಿ? ಆ ಸಾಗರಗ ಕೇಳಿದ್ರ, ಚೊಲೋ ಐತ್ರಿ ಅಕ್ಕಾ, ಆದರ ಅಂದ. ಆದರ ಏನು ಅಂತ ಹೇಳಲಿಲ್ಲ. ಅವಗ ನೀ ಮಾತ ಕಲಿಸಿದ್ದು ಅರ್ಧಕ್ಕ ನಿಂತೈತಿ ನೋಡು. ನಾನ ಕೆತ್ತೇನಿ ಅಂತ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ದೆ.’

ನಾನು ಸ್ಲೇಟು ಒರೆಸಿ ‘ಯಾಕ?’ ಎಂದಷ್ಟೇ ಬರೆದೆ.

ವೈನಿ ಮೊರ ಕೆಳಗಿಟ್ಟಳು. ಆಮೇಲೆ ಆಕೆ ಹೇಳಿದ್ದನ್ನು ಮರೆಯುವ ಮೊದಲು ಇಲ್ಲಿ ಬರೆದಿಡುತ್ತೇನೆ.

‘ನಿಮ್ಮಣ್ಣ ಹ್ವಾದ ಮ್ಯಾಲೆ ನಮ್ಮ ತವರಮನಿಯವರು ಕರ್ಕೊಂಡ ಹೋಗಾಕ ಬಂದಿದ್ರು, ನೆನಪೈತಿ? ಮಕ್ಕಳಿಲ್ಲ ಮರಿಯಿಲ್ಲ, ಆಕಿಗೇನೈತಿ ಇಲ್ಲೆ ಅಂತ ಅಂದ್ರು. ನೀ ಬಾಗಿಲಾಗ ನಿಂತು, ಇದು ಆಕಿ ಮನಿ, ವೈನಿ ಎಲ್ಲೂ ಬರಂಗಿಲ್ಲ ಅಂತ ಓಣಿಗೆಲ್ಲಾ ಕೇಳೂವಂಗ ಒದರಿದಿ. ನನಗ ಒದರಾಕ ಬರತಿರಲಿಲ್ಲ. ನಿನ್ನ ದನಿಲೆ ನಾ ಇಲ್ಲಿ ಉಳಕೊಂಡೆ. ಅದನ್ನ ಹೇಳಬೇಕು, ಹೇಳಬೇಕು ಅಂತ ಎಷ್ಟ ಸಲ ಬಾಯಿಗೆ ಬಂತು. ಬಂದಾಗೊಮ್ಮೆ ನೀ ಬ್ಯಾರೆ ಏನರ ಮಾತ ತಗೀತಿದ್ದಿ. ಈಗ ಸುಮ್ಮ ಕುಂತೀದಿ, ಈಗರ ಹೇಳೂಣು ಅಂತ ಮಾಡಿದೆ. ಮತ್ತ ಬಾಯಿ ಬಂತಂದ್ರ ನನಗ ಹೇಳಾಕ ಎಲ್ಲಿ ಬಿಡ್ತಿ ನೀ?’

ಸ್ಲೇಟು ಕೆಳಗಿಟ್ಟು ಮೊರದ ಮುಂದೆ ಕೂತೆ. ಅಕ್ಕಿಯಲ್ಲಿ ಕಲ್ಲು ಇತ್ತು, ಇಬ್ಬರೂ ಆರಿಸಿದೆವು. ಕಣ್ಣು ಮಂಜಾಗಿ ನಾನು ಬಹುಶಃ ಅಕ್ಕಿಯನ್ನೇ ಎಸೆಯುತ್ತಿದ್ದೆ.

ಐದನೇ ತಾರೀಖು ಇದ್ದೇ ಇದೆ. ಆದರೆ ವೈನಿಗೂ ಏನೂ ಗೊತ್ತಿಲ್ಲ. ಹೆದರುವುದಾದರೆ ಇನ್ನು ಇಬ್ಬರೂ ಕೂಡಿಯೇ ಹೆದರಬೇಕು.

ಜನವರಿ ೨, ಶುಕ್ರವಾರ

ರೀನಾ ಬಂದು ಕಾಲಿಗೆ ಬಿದ್ದಂತೆ ಮಾಡಿ, ಸಾಗರನ ಪರವಾಗಿ ಕ್ಷಮೆ ಕೇಳಿದಳು. ವೈನಿ ಆಕೆಗೆ ಪೂರಿ ಕರಿದು ಹಾಕುತ್ತ, ಉಲ್ಟಾ ಅಕ್ಷರ ಬರೆಯುವುದು ಹೇಗೆಂದು ಕೇಳಿ ಕೇಳಿ ಕಲಿತಳು. ಮಧ್ಯಾಹ್ನವೆಲ್ಲ ಇಬ್ಬರದೇ ಮಾತು. ನಾನು ಪೂರಿ ತಿಂದೆ. ಸ್ಲೇಟು ಎಲ್ಲಿಟ್ಟಿದ್ದೇನೋ ಬೆಳಗಿನಿಂದ ಕಂಡಿಲ್ಲ. ನಾಳೆ ಹುಡುಕಿದರಾಯಿತು.

ಜನವರಿ ೫, ಸೋಮವಾರ

ಕೆಟ್ಟದ್ದೇನೂ ಅಲ್ಲ.

ಇನ್ನೊಂದು ಸಲ ಬರೆಯುತ್ತೇನೆ, ಕೆಟ್ಟದ್ದೇನೂ ಅಲ್ಲ! ಬರೀ ಗಂಟು. ಒದರಿ ಒದರಿ ಬೆಳೆದದ್ದು. ಡಾಕ್ಟರು ಹೇಳುವಾಗ ನಾನು ಅವರ ಮುಖ ನೋಡುತ್ತಿದ್ದೆ, ವೈನಿ ನನ್ನ ಮುಂಗೈ ಹಿಡಿದು ನೆಲ ನೋಡುತ್ತಿದ್ದಳು. ಬಳೆ ಚುಚ್ಚಿದ ಗುರುತು ಇನ್ನೂ ಇದೆ.

‘ಈಗ ಮೆಲ್ಲಗೆ ಏನಾದರೂ ಹೇಳಿ,’ ಎಂದರು ಡಾಕ್ಟರು. ಏನು ಹೇಳಬೇಕೋ ತಿಳಿಯಲಿಲ್ಲ. ‘ವೈನಿ’ ಎಂದೆ. ತಗಡಿನ ಮೇಲೆ ಮರಳು ಎಳೆದಂತೆ ಬಂತು. ವೈನಿ ಅಲ್ಲೇ, ಡಾಕ್ಟರ ಮುಂದೆಯೇ, ಗಟ್ಟಿಯಾಗಿ ಅತ್ತಳು. ಆಕೆಗೆ ಅಷ್ಟು ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಹಳೆಯ ದನಿ ಪೂರ್ತಿ ಬರುವುದಿಲ್ಲವಂತೆ. ಮೈದಾನದಲ್ಲಿ ಒದರುವುದು ಇನ್ನು ಬಂದ್. ಸಂಕಟವಾಯಿತು, ಆಗದೆ ಏನು? ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನೂ ಸ್ವಲ್ಪ ಅತ್ತೆ. ಆದರೆ ಮಿತವಾಗಿ ಮಾತಾಡಲು ಇವತ್ತಿನಿಂದಲೇ ಅಪ್ಪಣೆ ಇದೆ. ವೈನಿ ಇಬ್ಬರಿಗೂ ಫೇಡೆ ಕೊಂಡಳು.

ಹಳಿಯಾಳದ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದರಿಂದ ದಾರಿಯೆಲ್ಲ ನಿಂತು ನಿಂತು ಬಂದೆವು. ವೈನಿ ತನ್ನ ತವರಿನ ಸುದ್ದಿ ತೆಗೆದಳು. ಚಿಗಳ್ಳಿಯಲ್ಲಿ ಹುಡುಗಿಯಾಗಿದ್ದಾಗ ಊರವರೆಲ್ಲ ಹಬ್ಬಕ್ಕೆ ಗೋಡೆ ಚಿತ್ರ ಬರೆಯಲು ಈಕೆಯನ್ನೇ ಕರೆಯುತ್ತಿದ್ದರಂತೆ. ಒಮ್ಮೆ ಹೊಸದಾಗಿ ಸುಣ್ಣ ಬಳಿದ ಗೌಡರ ಗೋಡೆಯ ಮೇಲೆ, ಕತ್ತೆಯ ಮೇಲೆ ಕೂತ ಗೌಡರನ್ನೇ ಮೀಸೆ ಸಮೇತ ಬರೆದು ಹೊಲಕ್ಕೆ ಓಡಿಹೋಗಿದ್ದಳಂತೆ. ಊರೆಲ್ಲ ಗಂಡುಹುಡುಗರನ್ನು ಹಿಡಿದು ಬಡಿಯಿತಂತೆ. ಈಕೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಎಂಥ ಹೆಂಗಸು ಇವಳು! ಇಷ್ಟು ವರ್ಷ ಒಂದೇ ಒಲೆಯ ಅನ್ನ ಉಂಡು ಇದನ್ನು ನನಗೆ ಹೇಳಿಲ್ಲವಲ್ಲ ಎಂದು ಸರಿಯಾಗಿ ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ವೈನಿ, ‘ಆಮ್ಯಾಲೆ ಏನಾತು ಗೊತ್ತೇನ?’ ಎಂದು ಮುಂದಿನದು ಶುರು ಮಾಡಿದಳು. ಆಮೇಲೆ ಏನಾಯಿತೆಂಬುದು ನನಗೂ ಬೇಕಿತ್ತು. ಹಳಿಯಾಳ ಬರುವವರೆಗೂ ಕೇಳುತ್ತ ಬಂದೆ.